ಅಟ್ಟದಲ್ಲಿ ಅಕ್ಕಿ ಮೂಟೆ, ಡಬ್ಬಿಯಲ್ಲಿ ಖಾಲಿ ಸ್ಟ್ರಿಪ್

ಮೃಗಶಿರ ಮಳೆ ಹಿಡಿಯಲು ಇನ್ನೊಂದು ವಾರವಿದೆ ಎನ್ನುವಾಗ ತೀರ್ಥಹಳ್ಳಿ, ಹೊಸನಗರ, ಸಾಗರ ಪೇಟೆಗಳ ಕಿರಾಣಿ ಅಂಗಡಿಗಳ ಮುಂದೆ ಜೀಪುಗಳು ಸಾಲುಗಟ್ಟುವುದು ಹಳೆಯ ನೋಟ. ಮಳೆಗಾಲಕ್ಕೆ ಕೂಡಿಡುವುದನ್ನು ಮಲೆನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ 2019ರ ಆಗಸ್ಟ್ ತಿಂಗಳ ನೆರೆ, ಅದರ ಮರುವರ್ಷವೇ ಬಂದ ಲಾಕ್‌ಡೌನ್, ಈ ಎರಡರ ಬಳಿಕ ಬೇರೆಯೇ ಒಂದು ಬಗೆಯ ದಾಸ್ತಾನು ಇಲ್ಲಿ ಬೇರೂರಿದೆ. ಪಟ್ಟಣದ ಕೆಲಸ ಬಿಟ್ಟು ತೋಟಕ್ಕೆ ಮರಳಿದವರು, ಹೋಂಸ್ಟೇ ಆರಂಭಿಸಿದವರು, ಮಕ್ಕಳು ಬೆಂಗಳೂರಿನಿಂದ ಕಳುಹಿಸಿದ ಪಟ್ಟಿಯನ್ನು ನಂಬಿದ ವೃದ್ಧ ದಂಪತಿಗಳು, ಹೀಗೆ ಹಲವರು ಮೊಬೈಲಿನಲ್ಲಿ ಓದಿದ್ದನ್ನು ಆಧರಿಸಿ ‘ಎಮರ್ಜೆನ್ಸಿ ಸ್ಟಾಕ್’ ಮಾಡತೊಡಗಿದ್ದಾರೆ. ಈ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಳೆದ ಕುಟುಂಬ ವೈದ್ಯ ನಾನು. ಮನೆಗೆ ಹೋಗಿ ರೋಗಿಗಳನ್ನು ನೋಡುವ ರೂಢಿ ಇರುವುದರಿಂದ ಅವರ ಅಟ್ಟ, ಉಗ್ರಾಣಗಳೂ ಕಣ್ಣಿಗೆ ಬೀಳುತ್ತವೆ. ಅಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳ ಬಗ್ಗೆ ಬರೆಯುತ್ತಿದ್ದೇನೆ.

ಮೊದಲ ತಪ್ಪು ಯಾವುದಕ್ಕೆ ಸಿದ್ಧರಾಗಬೇಕು ಎಂಬುದರಲ್ಲಿಯೇ ಇದೆ. 2019ರ ಆಶ್ಲೇಷ ಮಳೆಯಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ, ಮೇಲಿನ ನಮ್ಮ ಹಳ್ಳಿಗಳಲ್ಲಿ ಮರ ಬಿದ್ದು ಕರೆಂಟು ಹೋಗಿತ್ತು, ಧರೆ ಕುಸಿದು ರಸ್ತೆ ಮುಚ್ಚಿತ್ತು, ಹಳ್ಳ ಬಂದು ಕಾಲುಸಂಕ ಕೊಚ್ಚಿಹೋಗಿತ್ತು. ಆ ದಿನಗಳಲ್ಲಿಯೂ ಅದರ ಮುಂದಿನ ವಾರದಲ್ಲಿಯೂ ನನ್ನ ಬಳಿಗೆ ಬಂದವರಲ್ಲಿ ಅನ್ನವಿಲ್ಲದೆ ಸೊರಗಿದವರು ಒಬ್ಬರೂ ಇರಲಿಲ್ಲ. ಬಿ.ಪಿ. ಮಾತ್ರೆ ಮುಗಿದು ಐದು ದಿನವಾದವರು ಬಂದರು, ಇನ್‌ಹೇಲರ್ ಖಾಲಿಯಾಗಿ ಏದುಸಿರು ಬಿಡುತ್ತಿದ್ದವರು ಬಂದರು, ಭೇದಿಯಿಂದ ಬಳಲಿದ ಮಕ್ಕಳು ಬಂದರು, ಫ್ರಿಜ್ ನಿಂತುಹೋಯಿತೆಂದು ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ಬಿಟ್ಟವರೊಬ್ಬರು ಬಂದರು. ಈ ಕೊನೆಯವರ ಮನೆಯಲ್ಲಿ ಮೂರು ತಿಂಗಳಿಗಾಗುವಷ್ಟು ಅಕ್ಕಿ ಇತ್ತು. ಮಲೆನಾಡಿನ ಸಾಮಾನ್ಯ ಆಪತ್ತೆಂದರೆ ರಸ್ತೆಯೂ ವಿದ್ಯುತ್ತೂ ಇಲ್ಲದ ಮೂರರಿಂದ ಏಳು ದಿನ. ವರ್ಷಗಟ್ಟಲೆಯ ಬರಗಾಲವನ್ನು ಕಲ್ಪಿಸಿಕೊಂಡು ಮೂಟೆ ತುಂಬುವವರು ಈ ಏಳು ದಿನಗಳನ್ನೇ ಮರೆಯುತ್ತಾರೆ.

ಔಷಧದ ವಿಷಯದಲ್ಲಿ ತುಸು ನಿಧಾನವಾಗಿ ಹೇಳುವುದಿದೆ. ಕೆಲವು ಮಾತ್ರೆಗಳನ್ನು ಒಂದೆರಡು ದಿನ ಬಿಟ್ಟರೆ ಅಂಥ ಅನಾಹುತವೇನೂ ಆಗುವುದಿಲ್ಲ. ಇನ್ನು ಕೆಲವನ್ನು ಹಠಾತ್ತನೆ ನಿಲ್ಲಿಸುವುದೇ ಅಪಾಯ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ಏಕಾಏಕಿ ನಿಂತರೆ ಹೃದ್ರೋಗಿಗೆ ಎದೆನೋವು ಕಾಣಿಸಬಹುದು, ಕ್ಲೊನಿಡಿನ್ ನಿಂತರೆ ರಕ್ತದೊತ್ತಡ ಮೊದಲಿಗಿಂತಲೂ ಮೇಲಕ್ಕೆ ಜಿಗಿಯಬಹುದು, ಮೂರ್ಛೆರೋಗದ ಮಾತ್ರೆ ತಪ್ಪಿದರೆ ಫಿಟ್ಸ್ ಮರಳಬಹುದು, ಬಹುಕಾಲದಿಂದ ಸ್ಟೆರಾಯ್ಡ್ ನುಂಗುತ್ತಿರುವವರಿಗೆ ಅದು ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ರೋಗಿಗಳಿಗೆ ನಾನು ಹೇಳುವುದು ಇಷ್ಟು: ತಿಂಗಳ ಮಾತ್ರೆಯ ಜೊತೆಗೆ ಇನ್ನೂ ಹದಿನೈದು ದಿನಗಳದು ಮನೆಯಲ್ಲಿರಲಿ, ಹೊಸದನ್ನು ತಂದಾಗ ಹಳೆಯದನ್ನು ಮೊದಲು ನುಂಗಿ. ಈ ಹೆಚ್ಚುವರಿ ಹದಿನೈದು ದಿನಗಳದನ್ನು ‘ಆಪತ್ತಿಗೆ’ ಎಂದು ಪ್ರತ್ಯೇಕ ಪೆಟ್ಟಿಗೆಯಲ್ಲಿ ಭದ್ರಪಡಿಸಿದವರು ಎರಡು ವರ್ಷದ ಬಳಿಕ ಅವಧಿ ಮೀರಿದ ಸ್ಟ್ರಿಪ್ ಹಿಡಿದು ಬರುವುದನ್ನು ಹಲವು ಬಾರಿ ಕಂಡಿದ್ದೇನೆ.

ಇನ್ಸುಲಿನ್ ಬಗ್ಗೆ ಇರುವ ಭಯ ಅರ್ಧ ಸರಿ, ಅರ್ಧ ತಪ್ಪು. ಬಿಚ್ಚದ ವಯಲ್‌ಗಳು 2ರಿಂದ 8 ಡಿಗ್ರಿಯಲ್ಲಿರಬೇಕು, ನಿಜ. ಬಳಸುತ್ತಿರುವ ವಯಲ್ ಅಥವಾ ಪೆನ್ನಾದರೆ, ಹೆಚ್ಚಿನ ಬಗೆಯ ಇನ್ಸುಲಿನ್‌ಗಳಿಗೆ 30 ಡಿಗ್ರಿ ಮೀರದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಏನೂ ಆಗುವುದಿಲ್ಲ. ಜಡಿಮಳೆಯ ದಿನಗಳಲ್ಲಿ ನಮ್ಮ ಮನೆಗಳ ಒಳಗೆ ಅಷ್ಟು ತಾಪ ಇರುವುದೂ ಇಲ್ಲ. ಮಣ್ಣಿನ ಮಡಕೆಯೊಳಗೆ ಇಟ್ಟು ತಂಪು ಮಾಡುವ ಉಪಾಯವನ್ನು ಬಯಲುಸೀಮೆಯ ನೆಂಟರಿಂದ ಕಲಿತವರಿದ್ದಾರೆ. ಮಡಕೆ ತಂಪಾಗುವುದು ಅದರ ಮೈಯಿಂದ ನೀರು ಆವಿಯಾಗಿ ಹೋಗುವುದರಿಂದ. ಗಾಳಿಯೇ ತೇವದಿಂದ ತುಂಬಿ ಹಗ್ಗದ ಮೇಲಿನ ಪಂಚೆ ನಾಲ್ಕು ದಿನಕ್ಕೂ ಒಣಗದ ಊರಿನಲ್ಲಿ ಆ ಉಪಾಯಕ್ಕೆ ಬೆಲೆ ಕಡಿಮೆ. ಅದಕ್ಕಿಂತ ದೊಡ್ಡ ಹಾನಿ, ಕರೆಂಟು ಹೋಗುವ ಮೊದಲೇ ಇರಲಿ ಎಂದು ಇನ್ಸುಲಿನ್ನನ್ನು ಫ್ರೀಜರ್‌ಗೆ ತಳ್ಳುವುದರಿಂದ ಆಗುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯುವುದೊಂದೇ ದಾರಿ.

ಇನ್ನೊಂದು ವರ್ಗದವರು ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೂಡಿಡುತ್ತಾರೆ, ಮೈಕೈ ನೋವಿನ ಮಾತ್ರೆಗಳನ್ನು ಡಬ್ಬಿಗಟ್ಟಲೆ ತುಂಬುತ್ತಾರೆ. ಮಳೆಗಾಲದ ಜ್ವರ ಡೆಂಗಿಯಾಗಿದ್ದರೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ರಕ್ತಸ್ರಾವದ ಭಯವನ್ನು ಹೆಚ್ಚಿಸುತ್ತವೆ. ಇಲಿಜ್ವರವಾಗಿದ್ದರೆ ಮೊದಲೇ ಸೋಲುತ್ತಿರುವ ಮೂತ್ರಪಿಂಡಕ್ಕೆ ಅವು ಮತ್ತೊಂದು ಹೊರೆ. ಜ್ವರಕ್ಕೆ ಪ್ಯಾರಸಿಟಮಾಲ್, ಭೇದಿಗೆ ಓ.ಆರ್.ಎಸ್. ಪೊಟ್ಟಣ, ಗಾಯಕ್ಕೆ ಶುಚಿಯಾದ ಬ್ಯಾಂಡೇಜ್, ಇವಿಷ್ಟಿದ್ದರೆ ಮನೆಯ ಮಟ್ಟಿಗೆ ಸಾಕು. ಓ.ಆರ್.ಎಸ್. ಸಿಗದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆ ಅಡುಗೆಮನೆಯ ಗೋಡೆಯ ಮೇಲೆ ಬರೆದಿರಲಿ. ಚಮಚವೆಂದರೆ ಚಹದ ಸಣ್ಣ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅದೇ ಕೇಡು.

ಮಲೆನಾಡಿನಲ್ಲಿ ದಾಸ್ತಾನಿನ ಮುಖ್ಯ ಶತ್ರು ಥಂಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳು ‘ಗಾಳಿಯಾಡದ ಡ್ರಮ್ಮಿನಲ್ಲಿ ತುಂಬಿಡಿ’ ಎನ್ನುತ್ತವೆ, ತುಂಬುವ ಮೊದಲು ಕಾಳು ಎಷ್ಟು ಒಣಗಿರಬೇಕೆಂದು ಹೇಳುವುದಿಲ್ಲ. ಅಕ್ಕಿಯಲ್ಲಿ ತೇವಾಂಶ ನೂರಕ್ಕೆ 14ಕ್ಕಿಂತ ಹೆಚ್ಚಾದರೆ ಬೂಸ್ಟು ಹಿಡಿಯುವುದು ಬಹುತೇಕ ಖಚಿತ; ಮಳೆ ಹಿಡಿದ ಮೇಲೆ ಪೇಟೆಯಿಂದ ತಂದ ಮೂಟೆಯನ್ನು ನೇರವಾಗಿ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದರೆ, ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ನಮ್ಮ ಹಿರಿಯರು ಬೇಸಿಗೆಯ ಬಿಸಿಲಿನಲ್ಲಿ ಅಂಗಳದಲ್ಲಿಯೇ ಎಲ್ಲವನ್ನೂ ಒಣಗಿಸಿ ಮುಗಿಸುತ್ತಿದ್ದರು. ಅಕ್ಕಿಗಿಂತ ಭತ್ತ ಬಾಳುತ್ತದೆ ಎಂದು ಭತ್ತವನ್ನೇ ಪಣತಕ್ಕೆ ಹಾಕುತ್ತಿದ್ದರು, ಹಲಸಿನ ಸೊಳೆಯನ್ನು ಉಪ್ಪುನೀರಿನ ಭರಣಿಗೆ ಇಳಿಸುತ್ತಿದ್ದರು, ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದರು, ಹೊಗೆ ತಾಗಬೇಕಾದದ್ದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಈ ಏರ್ಪಾಡಿನಲ್ಲಿ ‘ಆಪತ್ತಿನ ಸಾಮಾನು’ ಎಂಬ ಬೇರೆ ಖಾತೆಯೇ ಇರಲಿಲ್ಲ. ಜೂನಿನಲ್ಲಿ ಇಟ್ಟದ್ದನ್ನು ಜುಲೈ, ಆಗಸ್ಟ್‌ನಲ್ಲಿ ಉಂಡು ಮುಗಿಸುತ್ತಿದ್ದರು, ಮನೆಯವರ ನಾಲಗೆಗೆ ಒಗ್ಗಿದ್ದನ್ನೇ ಇಡುತ್ತಿದ್ದರು.

ಅದಕ್ಕೆ ತದ್ವಿರುದ್ಧವಾಗಿ, ನಾನು ಇತ್ತೀಚೆಗೆ ಹೋಗಿದ್ದ ತೋಟದ ಮನೆಯೊಂದರಲ್ಲಿ ಯಾರೂ ತಿನ್ನದ ಓಟ್ಸ್, ನೂಡಲ್ಸ್, ಬಿಸ್ಕತ್ತುಗಳ ರಟ್ಟಿನ ಪೆಟ್ಟಿಗೆಗಳು ಹಾಸಿಗೆ ಕೋಣೆಯ ಪಕ್ಕದಲ್ಲಿಯೇ ಪೇರಿಸಿದ್ದವು. ಮನುಷ್ಯರು ಮುಟ್ಟದ ಆ ಪೆಟ್ಟಿಗೆಗಳನ್ನು ಇಲಿಗಳು ಬಿಟ್ಟಿರಲಿಲ್ಲ. ಇಲಿಯ ಮೂತ್ರದಿಂದ ಹರಡುವ ಜ್ವರ ನಮ್ಮಲ್ಲಿ ಹೆಚ್ಚಾಗಿ ಕೆಸರುಗದ್ದೆ, ತೋಟದ ನಿಂತ ನೀರಿನಿಂದ ಬರುತ್ತದೆಯಾದರೂ, ಇಲಿಗಳನ್ನು ಮನೆಯೊಳಗೆ ಸಾಕಿಕೊಳ್ಳುವುದು ಯಾವ ಬಗೆಯ ಮುಂಜಾಗ್ರತೆ ಎಂಬುದು ನನಗೆ ಅರ್ಥವಾಗಲಿಲ್ಲ. ಅಂದಹಾಗೆ, ಹೊಗೆಯ ಅಟ್ಟ ಕೊಬ್ಬರಿಗೆ ಒಳ್ಳೆಯದೆಂದು ಮಾತ್ರೆಗಳನ್ನೂ ಅಲ್ಲಿಯೇ ಇಡುವವರಿದ್ದಾರೆ; ಒಲೆಯ ಶಾಖ ಮಾತ್ರೆಗೆ ಆಗದು. ಸ್ಟ್ರಿಪ್‌ನಿಂದ ಬಿಡಿಸದೆ, ಒಲೆಯಿಂದಲೂ ಬಚ್ಚಲಿನಿಂದಲೂ ದೂರದ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಅವು ಕೆಡುವುದಿಲ್ಲ.

ಸುತ್ತಲೂ ನೀರು ಸುರಿಯುವಾಗಲೇ ಕುಡಿಯುವ ನೀರಿಗೆ ತತ್ವಾರ ಬರುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. ಕರೆಂಟಿಲ್ಲದೆ ಪಂಪು ಏಳುವುದಿಲ್ಲ; ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರು ಕೆಂಪಾಗುತ್ತದೆ, ಇಲ್ಲವೇ ಪೈಪೇ ಕೊಚ್ಚಿಹೋಗುತ್ತದೆ; ಕಟ್ಟೆ ತಗ್ಗಿರುವ ತೆರೆದ ಬಾವಿಗೆ ಕೊಟ್ಟಿಗೆಯ ಕಡೆಯ ನೀರು ನುಗ್ಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಲೆಕ್ಕ ಹಿಡಿದರೆ ಐವರ ಮನೆಗೆ ನಾಲ್ಕು ದಿನಕ್ಕೆ 80 ಲೀಟರ್ ಬೇಕು. ಜೋರು ಮಳೆಯ ಮುನ್ಸೂಚನೆ ಬಂದ ದಿನ ಅಷ್ಟನ್ನು ತುಂಬಿಟ್ಟುಕೊಳ್ಳುವುದು ಸಾಧ್ಯ. ಬಾವಿಗೆ ಹಾಕಲು ಬ್ಲೀಚಿಂಗ್ ಪೌಡರ್ ತಂದಿಡುವವರು ಎರಡು ಕಡೆ ಎಡವುತ್ತಾರೆ. ಒಂದು, ತಾಜಾ ಪುಡಿಯಲ್ಲಿ ನೂರಕ್ಕೆ ಸುಮಾರು 33ರಷ್ಟಿರುವ ಕ್ಲೋರಿನ್ ಗಾಳಿ, ಬೆಳಕು, ತೇವ ತಗುಲಿದಂತೆ ಕುಗ್ಗುತ್ತದೆ. ಕಳೆದ ವರ್ಷದ, ಬಾಯಿ ಕಟ್ಟದ ಪೊಟ್ಟಣದಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ಎರಡು, ಅಳತೆ. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್. ಅದಕ್ಕೆ ಬೇಕಾದದ್ದು 31 ಗ್ರಾಂ ಆಸುಪಾಸು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಸಂಜೆ ಹಾಕಿ ಬೆಳಿಗ್ಗೆ ಸೇದುವುದು ಇನ್ನೂ ವಾಸಿ. ಇಡೀ ಪೊಟ್ಟಣ ಸುರಿದು, ವಾಸನೆ ತಾಳಲಾರದೆ ಹಳ್ಳದ ನೀರು ಕುಡಿದು ಭೇದಿ ಹಿಡಿಸಿಕೊಂಡ ಕುಟುಂಬವನ್ನು ನೋಡಿದ್ದೇನೆ. ಕೆಂಪು ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಅದನ್ನು ಮೊದಲು ತಿಳಿಯಾಗಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ ಕುಡಿಯುವುದು ಸರಿ. ಒಣ ಕಟ್ಟಿಗೆ ಅಥವಾ ತುಂಬಿದ ಸಿಲಿಂಡರ್ ಇರಬೇಕಾದದ್ದು ಮುಖ್ಯವಾಗಿ ಇದಕ್ಕೇ.

ಬೆಂಕಿಯ ಸುದ್ದಿ ಬಂದದ್ದರಿಂದ ಜನರೇಟರ್ ಬಗ್ಗೆ ಹೇಳಲೇಬೇಕು. ಕೆಲವು ಮಳೆಗಾಲಗಳ ಹಿಂದೆ ಒಂದೇ ಮನೆಯ ನಾಲ್ವರನ್ನು ತಲೆನೋವು, ವಾಂತಿ, ತಲೆಸುತ್ತು ಎಂದು ಕರೆತಂದರು. ಅಣಬೆಯ ಸಾರಿನಿಂದ ವಿಷವೇರಿದೆ ಎಂಬುದು ಅವರ ಊಹೆ. ನನ್ನದೂ ಮೊದಲಿಗೆ ಅದೇ. ಸಾರು ಮುಟ್ಟದ ಅಜ್ಜಿಗೂ ಅದೇ ಲಕ್ಷಣವಿದೆಯೆಂದು ತಿಳಿದಾಗ ವಿಚಾರಿಸಿದೆ: ಮಳೆಯ ಇರಚಲು ಬಡಿಯಬಾರದೆಂದು ಹೊಸ ಜನರೇಟರನ್ನು ಹಿಂದಿನ ಮುಚ್ಚಿದ ಜಗಲಿಯಲ್ಲಿ ಇಡೀ ರಾತ್ರಿ ಓಡಿಸಿದ್ದರು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಜನರೇಟರಿಗೆಂದು ನೀರಿನ ಬಾಟಲಿಗಳಲ್ಲಿ ತುಂಬಿಟ್ಟ ಪೆಟ್ರೋಲನ್ನು ಮಗು ಬಾಯಿಗಿಟ್ಟು ಬಂದದ್ದೂ ಉಂಟು. ಅಂಥಾಗ ವಾಂತಿ ಮಾಡಿಸಿದರೆ ಪೆಟ್ರೋಲು ಶ್ವಾಸಕೋಶಕ್ಕೆ ಇಳಿದು ಅನಾಹುತ ಹೆಚ್ಚುತ್ತದೆ, ಮಾಡಿಸದೆ ನೇರ ಆಸ್ಪತ್ರೆಗೆ ಕರೆತನ್ನಿ.

ಫೋನಿನ ವಿಷಯ ಚಿಕ್ಕದು. ಕರೆಂಟು ಹೋದ ಬಳಿಕ ಟವರುಗಳೂ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಬದುಕಿರುತ್ತವೆ. ಪವರ್ ಬ್ಯಾಂಕ್ ತುಂಬಿದ್ದು ನೆಟ್‌ವರ್ಕ್ ಇಲ್ಲದಿದ್ದರೆ ಅದರಿಂದ ಬೆಳಕು ಮಾತ್ರ ಸಿಗುತ್ತದೆ. ಆದ್ದರಿಂದ ಅಗತ್ಯದ ಸಂಖ್ಯೆಗಳು ಕಾಗದದ ಮೇಲಿರಲಿ: ತುರ್ತಿಗೆ 112, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077, ಮೆಸ್ಕಾಂ ದೂರಿಗೆ 1912, ಜೊತೆಗೆ ಹತ್ತಿರದ ಜೀಪಿನವರದು. ಹವಾಮಾನ ಇಲಾಖೆಯ ಬಣ್ಣಗಳನ್ನೂ ಅರಿತಿರಬೇಕು. ಆರೆಂಜ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ, ರೆಡ್ ಎಂದರೆ ಅದನ್ನೂ ಮೀರಿದ್ದು. ಆಗುಂಬೆ, ಹುಲಿಕಲ್ ಕಡೆಯವರು ‘ನಮಗಿದು ದಿನದ ಮಳೆ’ ಎಂದು ನಗುವುದುಂಟು. ಅಷ್ಟು ಮಳೆ ವಾರಗಟ್ಟಲೆ ನೀರು ಕುಡಿದ ಗುಡ್ಡದ ಮೇಲೆ ಬೀಳುವಾಗ ಲೆಕ್ಕ ಬೇರೆಯಾಗುತ್ತದೆ.

ಕೊನೆಯ ತಪ್ಪು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು, ತುಂಬಿದ ಉಗ್ರಾಣವೇ ಮನೆಯವರನ್ನು ಕಟ್ಟಿಹಾಕುವುದು. ಗುಡ್ಡದ ಬುಡದ ಮನೆಯೊಂದರ ಹಿಂದೆ ಧರೆಯಲ್ಲಿ ಬಿರುಕು ಕಂಡು ನೆರೆಯವರು ಹೊರಡಲು ಹೇಳಿದಾಗ, ಯಜಮಾನರು ಕೊಟ್ಟ ಉತ್ತರ, ‘ನಮಗೆ ಎರಡು ತಿಂಗಳಿಗೆ ಎಲ್ಲ ಇದೆಯಲ್ಲ’ ಎಂಬುದು. ಮೇಲಿನ ನೆಲದಲ್ಲಿ ಹೊಸ ಬಿರುಕು, ವಾಲಿದ ಮರಗಳು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ಅಕ್ಕಿಯ ಲೆಕ್ಕ ಬಿಟ್ಟು ಹೊರಡಬೇಕು. ಹಾಗೆ ಹೊರಡುವಾಗ ಹಿಡಿಯಬೇಕಾದ ಚೀಲ ಚಿಕ್ಕದು: ಏಳು ದಿನದ ಮಾತ್ರೆ ಮತ್ತು ಡಾಕ್ಟರ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ, ಟಾರ್ಚು, ಕನ್ನಡಕ, ಸ್ವಲ್ಪ ನಗದು, ಒಂದು ಜೊತೆ ಒಣಬಟ್ಟೆ. ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿ ಹೋಗಿ. ಆ ಯಜಮಾನರು ಕಡೆಗೆ ಹೊರಟದ್ದು ಸೊಸೆ ಮಗುವನ್ನೆತ್ತಿಕೊಂಡು ಅಂಗಳಕ್ಕಿಳಿದ ಮೇಲೆ. ಹಿಂದಿನ ಧರೆ ಅದೇ ರಾತ್ರಿ ಅಡುಗೆಮನೆಯ ಮೇಲೆ ಕುಸಿಯಿತು, ಮರುದಿನ ನನ್ನ ದವಾಖಾನೆಗೆ ಬಂದವರು ಕೇಳಿದ್ದು ತಮ್ಮ ಬಿ.ಪಿ. ಮಾತ್ರೆಯನ್ನು, ಅದು ಅಡುಗೆಮನೆಯ ಅಟ್ಟದ ಮೇಲಿತ್ತು.