ಲ್ಯಾಪ್‌ಟಾಪ್ 92 ಡಿಗ್ರಿ: ಗಾಬರಿ ಯಾವಾಗ?

"ಸರ್, ಪ್ರೊಸೆಸರ್ 92 ತೋರಿಸ್ತಿದೆ, ಪೇಸ್ಟ್ ಬದಲಿಸಿಕೊಡಿ." ಬೇಸಿಗೆ ಬಂತೆಂದರೆ ಇದೇ ರಾಗ. ಪೇಸ್ಟ್ ಅಂದರೆ ಚಿಪ್‌ನ ಬಿಸಿ ಹೊರಗೆ ದಾಟಲಿ ಅಂತ ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್. ಆ 92 ಬಂದಾಗ ಏನು ಓಡುತ್ತಿತ್ತು ಅಂತ ಕೇಳಿ, ಉತ್ತರ ಇರುವುದಿಲ್ಲ.

ಬರೀ ಡಿಗ್ರಿ ನೋಡಿದರೆ ಏನೂ ತಿಳಿಯದು. ಗೇಮ್ ಆಡುವಾಗ, ವಿಡಿಯೊ ರೆಂಡರ್ ಮಾಡುವಾಗ 85ರಿಂದ 95 ಆಗುವುದು ಬಹಳಷ್ಟು ಲ್ಯಾಪ್‌ಟಾಪ್‌ಗಳ ಸ್ವಭಾವ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100, ಎಎಂಡಿಯದು ಮಾದರಿ ನೋಡಿಕೊಂಡು 95ರಿಂದ 105. ಮಿತಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಷ್ಟಕ್ಕೇ ಸುಟ್ಟುಹೋಗುವುದಿಲ್ಲ. ಅದೇ, ಒಂದು ವರ್ಡ್ ಫೈಲ್ ಬಿಟ್ಟು ಬೇರೇನೂ ತೆರೆದಿಲ್ಲ, ಆದರೂ 80, ಫ್ಯಾನ್ ಬೇರೆ ಕೂಗುತ್ತಿದೆ ಅಂದರೆ, ಆಗ ಬನ್ನಿ. ಸುಮ್ಮನಿದ್ದಾಗ ಸಾಮಾನ್ಯವಾಗಿ 40ರಿಂದ 55 ಇರಬೇಕು. ಏಪ್ರಿಲ್‌ನ ರಾಯಚೂರಲ್ಲಿ ಇನ್ನೊಂದು ಹತ್ತು ಸೇರಿಸಿಕೊಳ್ಳಿ. ಕೋಣೆಗಿಂತ ತಂಪಾದ ಗಾಳಿಯನ್ನು ಪಾಪ ಆ ಫ್ಯಾನ್ ಎಲ್ಲಿಂದ ತರಬೇಕು?

ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ. ಕೆಲಸವಿಲ್ಲದೆಯೂ ಸಿಪಿಯು ಶೇ. 30–40 ಇದ್ದರೆ ಹಿಂದೆ ಅಪ್‌ಡೇಟೋ ಆಂಟಿವೈರಸ್ ಸ್ಕ್ಯಾನೋ ಓಡುತ್ತಿದೆ. ಅದಕ್ಕೆ ಪೇಸ್ಟ್ ಏನು ಮಾಡೀತು? ಶೇ. 5ರಲ್ಲೂ 80 ಇದ್ದರೆ ಬಹುಮಟ್ಟಿಗೆ ಗಾಳಿಯ ದಾರಿ ಕಟ್ಟಿದೆ.

ಕಟ್ಟುವ ಜಾಗ ಹೊರಗೆ ಕಾಣುವ ಜಾಲರಿ ಅಲ್ಲ. ಫ್ಯಾನ್‌ಗೂ ಹೀಟ್‌ಸಿಂಕಿನ (ಚಿಪ್‌ನ ಬಿಸಿ ಹೊರಹಾಕುವ ಲೋಹದ ಭಾಗ) ತೆಳು ಪಟ್ಟಿಗಳಿಗೂ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಮೆತ್ತಿಕೊಂಡಿರುತ್ತದೆ. ಹೊರಗಿಂದ ಊದಿದರೆ ಅದು ಅಲುಗುವುದೂ ಇಲ್ಲ. ಹಿಂಬದಿ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಫ್ಯಾನನ್ನು ಬೆರಳಿನಲ್ಲಿ ಒತ್ತಿ ಹಿಡಿದು ಚಿಮುಟದಿಂದ ಎತ್ತಬೇಕು. ಹಿಡಿಯದೆ ಬ್ಲೋವರ್ ಬಿಟ್ಟರೆ ಫ್ಯಾನ್ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಕೆಡಬಹುದು. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ, ಯಾವುದು ಎಲ್ಲಿಯದು ಅಂತ ಗುರುತು ಹಾಕಿಕೊಳ್ಳಿ. ವಾರಂಟಿ ಇದ್ದರೆ ನೀವು ಕೈ ಹಾಕಬೇಡಿ.

ಇಷ್ಟಾದರೂ ಬಿಸಿ ಇಳಿಯಲಿಲ್ಲ, ಲ್ಯಾಪ್‌ಟಾಪ್‌ಗೆ ಮೂರ್ನಾಲ್ಕು ವರ್ಷ ಆಗಿದೆ ಅಂದರೆ ಆಗ ಪೇಸ್ಟ್.

ಹಾಸಿಗೆ ಮೇಲಿಟ್ಟರೆ ಕೆಳಗಿನ ಕಿಂಡಿ ಮುಚ್ಚುತ್ತದೆ, ಎಲ್ಲರಿಗೂ ಗೊತ್ತು, ಆದರೂ ಅಲ್ಲೇ ಇಡುತ್ತಾರೆ. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಸುರಿಯುವ ಮೊದಲು ಗಟ್ಟಿ ಮೇಜಿನ ಮೇಲೆ ಹಿಂಭಾಗವನ್ನು ಒಂದಿಂಚು ಎತ್ತರಿಸಿ ನೋಡಿ. ಇನ್ನೂ ಸಾಲದಿದ್ದರೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಶೇ. 99ಕ್ಕೆ ಇಳಿಸಿ: ಹೆಚ್ಚಿನವುಗಳಲ್ಲಿ ಟರ್ಬೊ (ಚಿಪ್ ತಾನಾಗಿ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿ ಧಡಕ್ಕನೆ ಇಳಿಯುತ್ತದೆ. ರೆಂಡರ್ ನಿಧಾನವಾಯಿತು ಅಂತ ಆಮೇಲೆ ಫೋನ್ ಮಾಡಬೇಡಿ.