ಕ್ಯೂಬಿಟ್: 'ಎರಡೂ ಒಟ್ಟಿಗೆ' ಅಂದರೆ ಏನು?

ನಮ್ಮ ಕಾಸರಗೋಡು ಕಡೆಯ ಶಾಸ್ತ್ರಮೇಳಗಳಲ್ಲೂ (ಶಾಲಾ ವಿಜ್ಞಾನ ಮೇಳ) ಈಗ ಕ್ವಾಂಟಂ ಕಂಪ್ಯೂಟರಿನ ಚಾರ್ಟ್ ಕಾಣಸಿಗುತ್ತದೆ. ಖುಷಿಯ ಸಂಗತಿ. ಮಾಮೂಲಿ ಕಂಪ್ಯೂಟರಿಗೆ 0 ಅಥವಾ 1 ಆಗಿರುವ ಬಿಟ್ ಹೇಗೋ, ಕ್ವಾಂಟಂ ಕಂಪ್ಯೂಟರಿಗೆ ಕ್ಯೂಬಿಟ್ ಹಾಗೆ, ಮಾಹಿತಿಯ ಮೂಲ ಘಟಕ. ಆದರೆ ಎಲ್ಲದರಲ್ಲೂ ಅದೇ ಸಾಲು: "ಕ್ಯೂಬಿಟ್ ಒಂದೇ ಸಲಕ್ಕೆ 0 ಮತ್ತು 1. ಹಾಗಾಗಿ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸುತ್ತದೆ." ಮೊದಲ ವಾಕ್ಯವನ್ನು ಹೇಗೋ ಒಪ್ಪಬಹುದು. 'ಹಾಗಾಗಿ' ಅಂತ ಶುರುವಾಗುವ ಎರಡನೆಯದು ತಪ್ಪು. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ, ದೊಡ್ಡವರ ಭಾಷಣಗಳಲ್ಲೂ ಇದೇ ಇದೆ. ಕ್ವಾಂಟಂ ಲೆಕ್ಕಗಳನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನನ್ನ ಕೆಲಸ. ಇನ್ನು ಸುಮ್ನೆ ಇರಲಾಗುವುದಿಲ್ಲ.

20 ಬಿಟ್‌ಗಳ ಪಾಸ್‌ವರ್ಡ್ ಒಂದನ್ನು ಹುಡುಕಬೇಕು ಅನ್ನಿ. ಸಾಧ್ಯತೆಗಳು 10,48,576. 20 ಕ್ಯೂಬಿಟ್‌ಗಳಲ್ಲಿ ಇವಿಷ್ಟನ್ನೂ ಒಟ್ಟಿಗೆ ಇಡಬಹುದು, ನಿಜ. ಆದರೆ ಅಳೆದಾಗ ಕೈಗೆ ಸಿಗುವುದು ಒಂದೇ. ಯಾವುದು ಬೇಕಾದರೂ ಆಗಬಹುದು. ಚೀಟಿ ಎತ್ತಿದ್ದರೂ ಅಷ್ಟೇ ಸಿಗುತ್ತಿತ್ತು, ಅಲ್ವಾ?

ಕ್ಯೂಬಿಟ್‌ನ ಬಲ ಇರುವುದು ಬೇರೆ ಕಡೆ. ಅದರಲ್ಲಿ 0ಗೆ ಒಂದು ಸಂಖ್ಯೆ, 1ಕ್ಕೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಗಾತ್ರದ ವರ್ಗವೇ ಅಳೆದಾಗ ಅದು ಸಿಗುವ ಸಂಭವ. ಸಂಖ್ಯೆ ಮೈನಸ್ ಕೂಡ ಆಗಬಹುದು. 0ಯಲ್ಲಿರುವ ಕ್ಯೂಬಿಟ್‌ಗೆ ಹಡಮಾರ್ಡ್ ಗೇಟ್ (ಈ ಸಂಖ್ಯೆಗಳನ್ನು ಬದಲಿಸುವ ಒಂದು ಕ್ರಿಯೆ) ಹಾಕಿ ಅಳೆದರೆ 0 ಅಥವಾ 1, ಅರ್ಧರ್ಧ ಸಂಭವ. ಅಳೆಯದೆ ಅದೇ ಗೇಟನ್ನು ಮತ್ತೊಮ್ಮೆ ಹಾಕಿ. ಈಗ 1ಕ್ಕೆ ಹೋಗುವ ದಾರಿ ಎರಡು: ಒಂದರ ಪಾಲು +½, ಇನ್ನೊಂದರದು −½. ಕೂಡಿದರೆ ಸೊನ್ನೆ. 0ಗೆ ಹೋಗುವ ದಾರಿಗಳೆರಡೂ +½, ಕೂಡಿದರೆ 1. ಅಳೆದರೆ ಪ್ರತಿ ಸಲವೂ 0. ಇದು ಬರೀ ಅದೃಷ್ಟದಾಟವಾಗಿದ್ದರೆ ಎರಡನೇ ಗೇಟಿನ ಮೇಲೂ ಅರ್ಧರ್ಧವೇ ಉಳಿಯಬೇಕಿತ್ತು.

ತಪ್ಪು ಉತ್ತರಗಳ ಪಾಲು ಹೀಗೆ ಒಂದನ್ನೊಂದು ಕಳೆದುಕೊಂಡು, ಸರಿ ಉತ್ತರದ ಪಾಲು ಬೆಳೆಯುವಂತೆ ಗೇಟುಗಳನ್ನು ಜೋಡಿಸಬೇಕು. ಕ್ವಾಂಟಂ ಅಲ್ಗಾರಿದಮ್ ಅಂದರೆ ಈ ಜೋಡಣೆ. ಕಂಪ್ಯೂಟರ್ ವಿಜ್ಞಾನಿ ಲವ್ ಗ್ರೋವರ್ 1996ರಲ್ಲಿ ಕೊಟ್ಟ ವಿಧಾನದಲ್ಲಿ ಆ ಪಾಸ್‌ವರ್ಡ್‌ಗೆ ಸುಮಾರು 800 ಸುತ್ತು ಬೇಕು; ಸುತ್ತುಗಳ ಸಂಖ್ಯೆ ಒಟ್ಟು ಸಾಧ್ಯತೆಗಳ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಎಲ್ಲವನ್ನೂ ಒಟ್ಟಿಗೇ ಪರೀಕ್ಷಿಸುವುದಾಗಿದ್ದರೆ ಒಂದೇ ಸುತ್ತು ಸಾಕಿತ್ತಲ್ಲ! ಬೇರೆ ಸುಳಿವಿಲ್ಲದ ಹುಡುಕಾಟದಲ್ಲಿ ಈ ವರ್ಗಮೂಲದ ಲೆಕ್ಕಕ್ಕಿಂತ ಹೆಚ್ಚಿನ ಲಾಭ ಯಾವ ಕ್ವಾಂಟಂ ವಿಧಾನಕ್ಕೂ ಸಿಗದು ಅಂತಲೂ ಸಾಬೀತಾಗಿದೆ.

30 ಕ್ಯೂಬಿಟ್‌ಗಳನ್ನು ನಾವು ಮಾಮೂಲಿ ಕಂಪ್ಯೂಟರಿನಲ್ಲಿ ಓಡಿಸುವಾಗ ಪ್ರತಿ ಸಾಧ್ಯತೆಗೊಂದರಂತೆ ಇಂಥ 107 ಕೋಟಿ ಸಂಖ್ಯೆಗಳನ್ನು ಇಟ್ಟುಕೊಳ್ಳಬೇಕು. ಒಂದಕ್ಕೆ 16 ಬೈಟ್‌ನಂತೆ ಸುಮಾರು 17 ಜಿಬಿ ಮೆಮೊರಿ. ಒಂದು ಕ್ಯೂಬಿಟ್ ಜಾಸ್ತಿಯಾದರೆ ಮೆಮೊರಿ ದುಪ್ಪಟ್ಟು. ಆದರೆ ನಮಗೆ ಆ ಸಂಖ್ಯೆಗಳನ್ನೆಲ್ಲ ತೆರೆದು ಓದಲು ಬರುತ್ತದೆ. ನಿಜವಾದ ಕ್ವಾಂಟಂ ಯಂತ್ರ ಅವುಗಳಲ್ಲಿ ಒಂದನ್ನೂ ತೋರಿಸುವುದಿಲ್ಲ. ಅಳೆದ ಮೇಲೆ ಅದು ಕೊಡುವುದು 30 ಬಿಟ್ ಮಾತ್ರ.