ಶಾಲಾ ನಾಟಕಗಳಲ್ಲಿ ಪಾತ್ರ ಹಂಚಿಕೆ: ಅಮೆರಿಕದ ಒಂದು ವಿವಾದದ ಹಿನ್ನೆಲೆ

ಅಮೆರಿಕದ ಪ್ರೌಢಶಾಲೆಗಳು ಆಡುವ ಸಂಗೀತ ನಾಟಕಗಳಲ್ಲಿ ಕಪ್ಪು ಜನಾಂಗದ ಪಾತ್ರವನ್ನು ಬಿಳಿಯ ವಿದ್ಯಾರ್ಥಿ ವಹಿಸಬಹುದೇ ಎಂಬ ಪ್ರಶ್ನೆ ಪದೇಪದೇ ಏಳುತ್ತದೆ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಪಹಾಸ್ಯ ಮಾಡುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಅತ್ಯಂತ ಜನಪ್ರಿಯ ಮನರಂಜನೆಯಾಗಿದ್ದವು. ಆ ಅವಮಾನದ ನೆನಪು ಇನ್ನೂ ಮಾಸಿಲ್ಲ.

ಬಣ್ಣವನ್ನು ಲೆಕ್ಕಿಸದೆ ಪಾತ್ರ ಹಂಚಬೇಕೆಂಬ ವಾದ 1980ರ ದಶಕದಲ್ಲಿ ಬಲಗೊಂಡದ್ದು, ಅವಕಾಶವೇ ಸಿಗದಿದ್ದ ಕಪ್ಪು, ಏಷ್ಯನ್ ಮತ್ತು ಲ್ಯಾಟಿನೋ ನಟರಿಗೆ ವೃತ್ತಿರಂಗಭೂಮಿಯ ಬಾಗಿಲು ತೆರೆಯಲೆಂದು. ನಾಟಕಕಾರ ಆಗಸ್ಟ್ ವಿಲ್ಸನ್ 1996ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮಾಡಿದ ಭಾಷಣದಲ್ಲಿ ಇದನ್ನೂ ಒಪ್ಪಲಿಲ್ಲ. ಬಿಳಿಯರ ಬದುಕಿನ ನಾಟಕಗಳಲ್ಲಿ ಜಾಗ ಕೊಡುವುದಕ್ಕಿಂತ ಕಪ್ಪು ಜನರ ಸ್ವಂತ ರಂಗಭೂಮಿಗೆ ನೆರವು ಬೇಕೆಂಬುದು ಅವರ ನಿಲುವಾಗಿತ್ತು.

ಬಣ್ಣವನ್ನು ಲೆಕ್ಕಿಸಬಾರದೆಂಬ ವಾದ ಶಾಲೆಗಳಲ್ಲಿ ತಿರುವುಮುರುವಾಯಿತು. 1962ರ ಬಾಲ್ಟಿಮೋರ್‌ನಲ್ಲಿ ನಡೆಯುವ, ಕಪ್ಪು ಹುಡುಗ ಹುಡುಗಿಯರನ್ನು ದೂರವಿಡುವ ಟಿ.ವಿ. ನೃತ್ಯ ಕಾರ್ಯಕ್ರಮವೊಂದರ ವಿರುದ್ಧದ ಹೋರಾಟವನ್ನು ಹೇಳುವ ‘ಹೇರ್‌ಸ್ಪ್ರೇ’ ಸಂಗೀತ ನಾಟಕ 2002ರಲ್ಲಿ ನ್ಯೂಯಾರ್ಕ್‌ನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಗೆ ಬಂದಿತು. ಬಿಳಿಯ ವಿದ್ಯಾರ್ಥಿಗಳೇ ತುಂಬಿದ್ದ ಶಾಲೆಗಳೂ ಅದನ್ನು ಆಡಲು ಬಯಸಿದಾಗ, ಯಾರನ್ನೂ ಬಣ್ಣದ ಕಾರಣಕ್ಕೆ ಹೊರಗಿಡಬಾರದೆಂದು ಕರ್ತೃಗಳು ಅನುಮತಿ ನೀಡಿದರು. ಮುಖಕ್ಕೆ ಬಣ್ಣ ಬಳಿಯಬಾರದೆಂದೂ ಪ್ರೇಕ್ಷಕರು ಕಲ್ಪನೆಯಿಂದ ಪಾತ್ರವನ್ನು ಕಾಣಬೇಕೆಂದೂ ಪತ್ರದಲ್ಲಿ ವಿವರಿಸಿದರು. ಉದ್ದೇಶ ಉದಾರವಾಗಿತ್ತು, ನಿಜ. ಆದರೆ ಬೇರ್ಪಡಿಕೆಯನ್ನು ಪ್ರಶ್ನಿಸುವ ನಾಟಕವೇ ಒಬ್ಬ ಕಪ್ಪು ವಿದ್ಯಾರ್ಥಿಯೂ ಇಲ್ಲದೆ ರಂಗಕ್ಕೇರಿದರೆ ಅದರ ತಿರುಳೇ ಉಳಿಯುವುದಿಲ್ಲ. ಪೊಲೀಸರ ಕೈಯಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಬಳಿಕ, 2020ರಲ್ಲಿ, ಆ ಅನುಮತಿಯನ್ನು ಹಿಂತೆಗೆದುಕೊಂಡು, ಪಾತ್ರಧಾರಿಗಳು ಪಾತ್ರದ ಜನಾಂಗಕ್ಕೆ ಹೊಂದಬೇಕೆಂಬ ಷರತ್ತು ವಿಧಿಸಲಾಯಿತು.

ಅದಕ್ಕೂ ಮೊದಲೇ, 2018ರಲ್ಲಿ, ನ್ಯೂಯಾರ್ಕ್ ರಾಜ್ಯದ ಇಥಾಕಾದ ಪ್ರೌಢಶಾಲೆಯಲ್ಲಿ ‘ದ ಹಂಚ್‌ಬ್ಯಾಕ್ ಆಫ್ ನೊಟ್ರೆ ಡಾಮ್’ ನಾಟಕದ ನಾಯಕಿ, ರೋಮಾ (ಯುರೋಪಿನ ಅಲ್ಪಸಂಖ್ಯಾತ) ಜನಾಂಗದ ಎಸ್ಮೆರಾಲ್ಡಾಳ ಪಾತ್ರಕ್ಕೆ ಬಿಳಿಯ ವಿದ್ಯಾರ್ಥಿನಿಯನ್ನು ಆರಿಸಿದ್ದನ್ನು ವಿದ್ಯಾರ್ಥಿಗಳೇ ಪ್ರತಿಭಟಿಸಿದ್ದರು, ಪ್ರಯೋಗ ರದ್ದಾಯಿತು. ವಿವಾದ ದೇಶವಿಡೀ ಹರಡಿ, ದೊಡ್ಡವರ ತೀರ್ಮಾನದ ಭಾರವನ್ನು ಮಕ್ಕಳು ಹೊರಬೇಕಾಯಿತು. ಇದು ನನ್ನನ್ನು ಹೆಚ್ಚು ಕಾಡುತ್ತದೆ. ಆಡಿಷನ್‌ಗೆ ಬಂದ ವಿದ್ಯಾರ್ಥಿನಿಯದೂ ತಪ್ಪಲ್ಲ, ಪ್ರಶ್ನೆ ಎತ್ತಿದವರದೂ ತಪ್ಪಲ್ಲ. ಶಾಲೆಯಲ್ಲಿ ಯಾರಿದ್ದಾರೆ, ಈವರೆಗೆ ಯಾರಿಗೆ ಮುಖ್ಯ ಪಾತ್ರ ಸಿಕ್ಕಿಲ್ಲ, ಆಡಿಷನ್‌ಗೇ ಬಾರದೆ ಹಿಂದುಳಿದವರು ಯಾರು ಎಂಬುದನ್ನು ಶಿಕ್ಷಕರು ನಾಟಕದ ಹಕ್ಕುಗಳಿಗೆ ಹಣ ಕಟ್ಟುವ ಮೊದಲೇ ವಿಚಾರಿಸಬೇಕು.